ಯಾದಮ್ಮನ ಬಾಗಿಲ ಮುಂದೆ ನಿಲ್ಲುವವರಿಗೆ

ಏನ್ರೀ,

ನಂಬರ್ ಹಚ್ಚಾಕ ನಾ ಮುಂದ ಬೇಗಂಪೇಟೆ ದವಾಖಾನಿಗೆ ಹೊಂಟೀನಿ. ನೀವು ಒಂಬತ್ತಕ್ಕ ಆಟೋ ಹಿಡಿದು ಬರ್ರಿ.

ಚಾ ಕುಡಿಯಂಗಿಲ್ಲ. ಪುಡಿ ಡಬ್ಬಿ ಹುಡುಕಬ್ಯಾಡ್ರಿ, ಸಿಗಂಗಿಲ್ಲ. ಡಾಕ್ಟರು ಇವತ್ತ ಬ್ಯಾಡ ಅಂದ ಗುಳಿಗೀನೂ ನನ್ನ ಚೀಲದಾಗ ಐತಿ. ಚಪ್ಪಲಿ ಬಿಟ್ಟು ಬೂಟು ಹಾಕ್ಕೊಳ್ರಿ, ಟ್ರೆಡ್‌ಮಿಲ್ ಮ್ಯಾಲ ಓಡಿಸ್ತಾರ.

ಮಲಗಿಸಿ ತೆಗೆದ ಇಸಿಜಿ ಛಲೋ ಬಂತಂತ ಹಿಗ್ಗಬ್ಯಾಡ್ರಿ. ಓಡಿದಾಗ ಹಾರ್ಟಿಗೆ ರಕ್ತ ಸಾಲತೈತೋ ಇಲ್ಲೋ, ಅದನ್ನ ಇವತ್ತು ಎಕೋ ಸ್ಕ್ಯಾನಿನಾಗ ನೋಡತಾರ. ಕೊಯ್ಯಂಗಿಲ್ಲ, ಅಂಜಬ್ಯಾಡ್ರಿ. ಎದಿ ಹಿಡದ್ರ ಮಾತ್ರ ಆಗಿಂದಾಗ ಹೇಳ್ರಿ. ಅಲ್ಲೂ "ಏನಿಲ್ಲ, ಆರಾಮ ಅದೀನಿ" ಅಂದ್ರ ನೋಡ್ರಿ ಮತ್ತ!

ದಿನಾ ಮೆಟ್ಲಾ ಹತ್ತೂವಾಗ ಎರಡನೇ ಮಾಳಿಗ್ಯಾಗ ಯಾದಮ್ಮನ ಬಾಗಲ ಮುಂದ ನಿಂತು ಅಕೀಗೆ "ಅನ್ನಂ ತಿನ್ನಾರಾ, ಅಮ್ಮಾ?" ಅಂತ ತೆಲುಗಿನಾಗ ಊಟ ಆತೇನಂತ ಕೇಳ್ತೀರಿ. ಭಾಳ ಮಾತಿನ ಮನಿಷ್ಯಾ ಅಂತ ಮಂದಿ ಹೊಗಳತಾರ. ನಾನೂ ಹಂಗ ತಿಳಕೊಂಡಿದ್ದೆ.

ನಿನ್ನೆ ಅಕೀ ಮನಿಗೆ ಕೀಲಿ ಹಾಕಿತ್ತು. ನೀವು ಆ ಕೀಲಿಗೇ ಎರಡು ಸಲ ಕೇಳಿದ್ರಿ. ನಡುವ ನೀವು ತೇಕೂದು ಮ್ಯಾಲ ಬಾಗಲದಾಗ ನಿಂತ ನನಗ ಕೇಳಿಸ್ತು.

ಸುವರ್ಣಾ