ರೆಕ್ಕೆಯ ತೊಲೆಯಲ್ಲೊಂದು ಗಂಟು

ಜೂನ್ ೧೧, ಮಂಗಳವಾರ. ಕಾಕ್ಸ್ ಟೌನ್.

ಆರು ವರ್ಷದಿಂದ ಶೆಡ್ಡಿನಲ್ಲಿ ಕಟ್ಟುತ್ತಿರುವ ಮರದ ವಿಮಾನದ ರೆಕ್ಕೆಗೆ ಇವತ್ತು ಬಟ್ಟೆ ಹೊದಿಸಬೇಕಿತ್ತು. ಶಿವಾಜಿನಗರದ ಬಡಗಿ ಅಕ್ತರ್ ಭಾಯಿ ಹೆಮ್ಮೆಯಿಂದಲೇ ಹೇಳಿದರು: "ಈ ತೊಲೇಲಿ ಒಂದು ಗಂಟು ಬಿರುಕು ಬಿಟ್ಟಿತ್ತು ಸಾಬ್. ಮರದ ಹುಡಿ, ಅಂಟು ಕಲಸಿ ತುಂಬ್ಬಿಟ್ಟೆ. ಎಲ್ಲಿ ಅಂತ ಹುಡ್ಕಿ, ನೋಡೋಣ!"

ಬೆರಳಾಡಿಸಿದೆ, ಟಾರ್ಚ್ ಹಿಡಿದೆ. ಸಿಗಲಿಲ್ಲ. ಬೀರುವಿಗಾದರೆ ಅದು ಒಳ್ಳೆಯ ಕೆಲಸವೇ. ಬಿರುಕು ಬಿಟ್ಟ ತೊಲೆ, ಏನು ತುಂಬಿದರೂ, ಹಾರುವಾಗ ಗಾಳಿಯಲ್ಲಿ ಮುರಿಯುತ್ತದೆ ಎಂದು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ವಿಮಾನದಲ್ಲಿರುವ ಎರಡು ಸೀಟುಗಳಲ್ಲಿ ಒಂದು ಅವರದೇ.

"ಇದೊಂದೇನಾ ಭಾಯಿ?" ಎಂದೆ.

"ಅರೇ, ಒಂದಾ? ಅಷ್ಟೇನಾ ನನ್ನ ಕೆಲ್ಸ?" ನಗುತ್ತಾ ಬೆರಳು ಮಡಿಸತೊಡಗಿದರು. ಎಣಿಕೆ ಎರಡನೆಯ ಕೈಗೆ ದಾಟಿದಾಗ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.