ಮಾವನ ನೀರು, ನನ್ನ ಆಸ್ಟರ್

ಏಪ್ರಿಲ್ 9, ಬೆಳಿಗ್ಗೆ

ಮತ್ತೆ ಎಲೆ ಹಳದಿ, ನಾಲ್ಕೂ ಕುಂಡದಲ್ಲಿ. ಆಲ್ಪೈನ್ ಆಸ್ಟರ್ ಕಲ್ಲುಬೆಟ್ಟದ ಗಿಡ. ಬಿಸಿಲು ಬೇಕು, ನೀರು ನಿಲ್ಲಬಾರದು. ಬೇಕೆಂದೇ ಜಲ್ಲಿ ಬೆರೆಸಿ ಬಡ ಮಣ್ಣು ತುಂಬಿದ್ದೇನೆ. ನೀರು ಹಾಕಿ ವಾರವಾಯಿತು, ಮಳೆಯೂ ಇಲ್ಲ. ಆದರೂ ಮಣ್ಣು ತೊಯ್ದು ತೊಪ್ಪೆ. ಯಾವ ಗ್ರಹಚಾರವೋ...

ತಿಂಡಿಗೆ ಕೂತ ಮಾವ, ದೊಡ್ಡ ಮಗನ ಮನೆಗೆ ಹೊರಡುತ್ತೇನೆ ಎಂದರು. ನಮ್ಮ ಯಜಮಾನರು ಪೇಪರ್‌ನಿಂದ ತಲೆ ಎತ್ತಲಿಲ್ಲ. ಮಾವ ಜೀವಮಾನವೆಲ್ಲ ಬೇಕರಿ ನಡೆಸಿದ ಮನುಷ್ಯ. ಅದನ್ನು ಮುಚ್ಚಿ ಬಂದ ಮೇಲೆ ಇಲ್ಲಿ ಕೈ ಕಟ್ಟಿ ಕೂರುವುದೆಂದರೆ... ಹೋಗಬೇಡಿ ಅನ್ನಬೇಕಿತ್ತು.

ಏಪ್ರಿಲ್ 11

ಕಳ್ಳ ಸಿಕ್ಕ! ಮುಂಜಾನೆ ಕಿಟಕಿಯಿಂದ ನೋಡಿದರೆ — ಮಾವ. ಚೊಂಬು ತುಂಬ ನೀರು, ಮೇಲೆ ಮೊಟ್ಟೆ ಸಿಪ್ಪೆ, ಟೀ ಚರಟ. ತಿನ್ನು ಪಾಪ ಎಂದು ಗಿಡಕ್ಕೆ ಉಪಚಾರ ಬೇರೆ. ಸಿಟ್ಟು ನೆತ್ತಿಗೇರಿತು, ನಗುವೂ ಬಂತು.

ಹೇಳಿದರೆ ಇವತ್ತೇ ಬ್ಯಾಗ್ ಕಟ್ಟುತ್ತಾರೆ. ಹೇಳದಿದ್ದರೆ ಗಿಡ ಕೊಳೆಯುತ್ತದೆ. ಬಿಸಿ ತುಪ್ಪ — ನುಂಗಲೂ ಆಗದು, ಉಗುಳಲೂ ಆಗದು.

ಏಪ್ರಿಲ್ 12

ಹೇಳಿಬಿಟ್ಟೆ.

“ಮಾವ, ಇದಕ್ಕೆ ಹೊಟ್ಟೆ ತುಂಬಿದ್ರೆ ಬರೀ ಎಲೆ, ಬೇರೂ ಕೊಳೆಯುತ್ತೆ. ಹಸಿದಿದ್ರೇನೇ ಹೂ.”

ಮುಖ ಸಣ್ಣದಾಯಿತು. ಎದ್ದು ಒಳಗೆ ಹೋದರು. ಬ್ಯಾಗ್ ಕಟ್ಟಲೆಂದೇ ಹೋದರು ಎಂದುಕೊಂಡೆ. ಬಂದದ್ದು ಬೇಕರಿಯ ಹಿಟ್ಟಿನ ಜರಡಿ ಹಿಡಿದು.

“ಜನರ ಹೊಟ್ಟೆ ತುಂಬಿಸ್ತಾನೇ ಮುದುಕ ಆದೆ. ಈಗ ಉಪವಾಸ ಹಾಕೋದು ಕಲೀಬೇಕಾ? ಸರಿ, ಮರಳೆಲ್ಲಿದೆ?”

ಊಟದ ಹೊತ್ತಿನವರೆಗೆ ಜರಡಿ ಆಡಿಸಿದರು. ಒಂದು ಗಿಡ ಕೊಳೆತೇ ಹೋಗಿತ್ತು. ಉಳಿದವನ್ನು ಮರಳು ಬೆರೆಸಿದ ಹೊಸ ಮಣ್ಣಿಗೆ ಇಟ್ಟೆವು. ಹೊರಡುವ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ — ಹೆದರಿಕೆ.

ಮೇ 30

ಅರಳಿತು! ನೇರಳೆ ಎಸಳು, ನಡುವೆ ಹಳದಿ. ಗೇಣುದ್ದದ ಗಿಡಕ್ಕೆ ಏನು ಜಂಬ! ಮಾವ ಪಕ್ಕದ ಮನೆಯ ನರ್ಸನ್ನು ಕರೆದು ತೋರಿಸಿದರು. ಪಾಪ, ಆಕೆ ನೀರು ಸಾಲದೇನೋ ಎಂದಿದ್ದಕ್ಕೆ ಬೈಸಿಕೊಂಡಳು.

ಜುಲೈ 6, ಸಂಜೆ

ಬೀಜವನ್ನು ಒದ್ದೆ ಮರಳಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಟ್ಟೆ. ಚಳಿ ತಿಂದರೆ ಮೊಳಕೆ ಚೆನ್ನ. ಇವರು ಬೆಣ್ಣೆ ಎಂದುಕೊಂಡು ಡಬ್ಬಿಗೆ ಚಮಚ ಹಾಕಿದರು. ನಗು ತಡೆಯಲಾಗಲಿಲ್ಲ.

ಹೂ ಯಾವಾಗ ಎಂದು ಮಾವ ಕೇಳಿದರು. ಮುಂದಿನ ವರ್ಷ ಬರೀ ಎಲೆ, ಅದರಾಚೆಯ ವರ್ಷ ಹೂ ಎಂದೆ. ಮಾವ ಬೆರಳು ಮಡಚಿ ಎಣಿಸಿದರು.

“ಹಾಗಾದ್ರೆ ದೊಡ್ಡೋನಿಗೆ ನೀನೇ ಫೋನ್ ಮಾಡ್ಬಿಡಮ್ಮ. ಅಲ್ಲೀವರೆಗೂ ನಾನು ಇಲ್ಲಿಂದ ಕದಲಲ್ಲ.”

ಫೋನ್ ಮಾಡಬೇಕು. ಮಾಡುತ್ತೇನೆ. ಮೊದಲು ಈ ಕಣ್ಣು ಒರೆಸಿ —