ಬಿಸಿಬೇಳೆಬಾತನ್ನು ಕಸದ ಡಬ್ಬಿಗೆ ಸುರಿಸಿದ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ನಮ್ಮ ಸಾಗರತೀರ ಕನ್ನಡ ಕೂಟದ ರಾಜ್ಯೋತ್ಸವದ ಮಧ್ಯಾಹ್ನ, ಇನ್ನೂರು ಜನರಿಗೆಂದು ವೀರಣ್ಣ ಮಾಡಿದ್ದ ಬಿಸಿಬೇಳೆಬಾತನ್ನು ತಾವು ‘ಹೆಂಡದ ಪಾತ್ರೆಯ ಅಡುಗೆ’ ಎಂದು ಮೈಕಿನಲ್ಲಿ ಸಾರಿ, ಸಭೆ ನಡೆದ ಶಾಲೆಯ ಹಿಂದಿನ ಕಸದ ಡಬ್ಬಿಗೆ ಸುರಿಸಿದಿರಿ. ಅದಾಗಿ ಇವತ್ತಿಗೆ ಇಪ್ಪತ್ತೊಂಬತ್ತು ದಿನ. ವೀರಣ್ಣನ ತಾಯಿ ಗುರುಶಾಂತವ್ವನವರಿಗೆ ಎಪ್ಪತ್ತಾರು ವರ್ಷ. ಆ ದಿನದಿಂದ ಅವರು ಮಗನ ಅಡುಗೆಮನೆಯಲ್ಲಿ ಬೆಂದ ಒಂದು ಅಗುಳನ್ನೂ ಮುಟ್ಟಿಲ್ಲ. ಸೆರಿಟೋಸಿನ ಆ ಮನೆಯಲ್ಲಿ, ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಕರೆಂಟಿನ ಒಲೆ, ಹೊಸದಾಗಿ ತರಿಸಿದ ಒಂದು ತವೆ, ಒಂದು ಪಾತ್ರೆ ಇಟ್ಟುಕೊಂಡು, ಒಬ್ಬರೇ ಬೇಯಿಸಿಕೊಂಡು ಒಬ್ಬರೇ ಉಣ್ಣುತ್ತಿದ್ದಾರೆ. ಉಣ್ಣುವುದೂ ಒಂದೇ ಹೊತ್ತು. ಇದು ನನ್ನ ದೂರು. ತಾವು ಬಿಡುವಿಲ್ಲದ ಮನುಷ್ಯರೆಂದು ಮೊದಲೇ ಹೇಳಿ ಮುಗಿಸಿದ್ದೇನೆ. ಮುಂದಿನದನ್ನು ಓದುವ ವ್ಯವಧಾನ ತಮಗಿಲ್ಲದಿದ್ದರೆ ಚಿಂತೆಯಿಲ್ಲ, ಕೂಟದ ಉಳಿದ ಸದಸ್ಯರು ಓದುತ್ತಾರೆ.

ನಾನು ಯಾರೆಂದು ತಮಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಉಡುಪಿ ಕಡೆಯವನು, ಕಾರ್ಲ್ಸ್‌ಬಾಡಿನಲ್ಲಿ ಮನೆ, ಟೊರ್ರಿ ಪೈನ್ಸಿನ ಒಂದು ಪ್ರಯೋಗಾಲಯದಲ್ಲಿ ಯೀಸ್ಟಿನ ಮೇಲೆ ಕೆಲಸ. ವೀರಣ್ಣ ಬಾಗಲಕೋಟೆಯ ಎಂಜಿನಿಯರು. ಮೂರನೆಯವನು ರಜತ್, ಮಂಗಳೂರಿನವನು, ಸ್ಯಾನ್ ಡಿಯಾಗೋದಲ್ಲಿದ್ದಾನೆ. 2020ರಲ್ಲಿ ಎಲ್ಲವೂ ಮುಚ್ಚಿ, ತಮ್ಮ ಕೂಟವೂ ಜೂಮಿನೊಳಗೆ ಹೊಕ್ಕು, ತಾವು ಪ್ರತಿ ಭಾನುವಾರ ಕನ್ನಡ ಕಟ್ಟುವ ಬಗ್ಗೆ ಮ್ಯೂಟ್ ತೆಗೆಯಲು ಮರೆತು ಭಾಷಣ ಮಾಡುತ್ತಿದ್ದ ಕಾಲ. ನಾವು ಮೂವರು ನನ್ನ ಗ್ಯಾರೇಜಿನ ಬಾಗಿಲೆತ್ತಿ, ಆರಾರು ಅಡಿ ದೂರ ಕುರ್ಚಿ ಹಾಕಿಕೊಂಡು ಬಿಯರ್ ಮಾಡಲು ಕಲಿತೆವು. ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಒಲೆ ಹೊತ್ತಿಸುವುದು, ಸಂಜೆಯೊಳಗೆ ಪಾತ್ರೆ ತಿಕ್ಕಿಡುವುದು. ವೀರಣ್ಣ ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ, ಬರುವಾಗ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದ. ಬಾಟಲಿ ತೆರೆದ ದಿನ ಎಷ್ಟೇ ಕೆಟ್ಟಿರಲಿ, “ಭಾರಿ ಆಗೈತಿ ಬಿಡ್ರಿ” ಎನ್ನುವವನು ಅವನು. “ಭಾರಿ ಎಂತದಾ ಮಾರಾಯ, ಸೋಪಿನ ನೀರು ಇದು” ಎಂದು ಗಿಡದ ಬುಡಕ್ಕೆ ಚೆಲ್ಲುವವನು ರಜತ್. ಊರಿಗೆ ಹೋಗಲಾಗದೆ, ಸತ್ತವರ ಮುಖವನ್ನು ಫೋನಿನಲ್ಲಿ ನೋಡಿದ ಎರಡು ವರ್ಷ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಶನಿವಾರಗಳು. ಇದು ಗುಟ್ಟಿನ ವ್ಯವಹಾರವೂ ಅಲ್ಲ. ಮಾರದಿದ್ದರೆ ಸಾಕು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ ಇನ್ನೂರು ಗ್ಯಾಲನ್ ಮಾಡಿಕೊಳ್ಳಿ ಎಂದು ಈ ರಾಜ್ಯದ ಕಾನೂನೇ ಹೇಳುತ್ತದೆ. ತಮ್ಮ ಕೂಟದ ನಿಯಮಾವಳಿ ಕ್ಯಾಲಿಫೋರ್ನಿಯಾಕ್ಕಿಂತ ಮೇಲಿನದೆಂದು ನನಗೆ ತಿಳಿದಿರಲಿಲ್ಲ.

ಈಗ ಆ ಪಾತ್ರೆಯ ವಿಷಯ. ವೀರಣ್ಣನ ಇಪ್ಪತ್ತು ಗ್ಯಾಲನ್ನಿನ ಸ್ಟೀಲ್ ಪಾತ್ರೆ. ಅದರಲ್ಲಿ ನಾವು ಮಾಡುತ್ತಿದ್ದುದು ಇಷ್ಟೇ: ಮೊಳಕೆ ಬರಿಸಿ ಒಣಗಿಸಿದ ಕಾಳನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ಸಿಹಿನೀರನ್ನು ಒಂದು ಗಂಟೆ ಕುದಿಸುವುದು. ಆರಿದ ಮೇಲೆ ಅದನ್ನು ಗಾಜಿನ ಜಾಡಿಗಳಿಗೆ ತುಂಬಿ ಯೀಸ್ಟ್ ಹಾಕಿ ನನ್ನ ಮನೆಯ ಮೆಟ್ಟಿಲ ಕೆಳಗೆ ಇಡುತ್ತೇವೆ. ಅಮಲು ಹುಟ್ಟುವುದು ಆ ಜಾಡಿಗಳಲ್ಲಿ, ಅದೂ ದಿನಗಳ ಮೇಲೆ. ಪಾತ್ರೆ ಅಷ್ಟರಲ್ಲಿ ಸೆರಿಟೋಸಿಗೆ ವಾಪಸಾಗಿರುತ್ತದೆ. ಅಂದರೆ ಮಾನ್ಯರೇ, ತಾವು ಹೆಂಡದ ಪಾತ್ರೆ ಎಂದು ಕರೆದ ಪಾತ್ರೆಯ ಒಳಗೆ ಇವತ್ತಿನವರೆಗೆ ಒಂದು ಹನಿ ಹೆಂಡ ಬಿದ್ದಿಲ್ಲ. ಮಗುವಿಗೆ ಕುಡಿಸುವ ಅಂಬಲಿಗೂ ಅದರಲ್ಲಿ ಕುದ್ದ ನೀರಿಗೂ ಇರುವ ವ್ಯತ್ಯಾಸ ಹಾಪ್ಸ್ ಎಂಬ ಒಂದು ಹಿಡಿ ಕಹಿ ಹೂವು ಮಾತ್ರ. ಕೂಟದ ಅಡುಗೆಗೆಂದು ಒಯ್ಯುವಾಗ ವೀರಣ್ಣ ಅದರ ಬುಡದ ನಲ್ಲಿಯನ್ನು ಬಿಚ್ಚಿ, ತೂತಿಗೆ ಬಿರಡೆ ಹಾಕಿ, ಮೂರು ಸಲ ಸೋಡಾ ಹಾಕಿ ತೊಳೆಯುತ್ತಿದ್ದ. ಕೂಟದವರು ಮತ್ತೆ ಮುಖ ನೋಡಿ ಊಟ ಮಾಡಲು ಶುರುಮಾಡಿದಾಗಿನಿಂದ ಎಲ್ಲ ಯುಗಾದಿ, ಎಲ್ಲ ದೀಪಾವಳಿಯ ಬಾತು ಬೆಂದಿದ್ದು ಅದರಲ್ಲೇ. ತಾವು ಎರಡು ಸಲ ಬಡಿಸಿಕೊಳ್ಳುವವರು. ಮೂರನೆಯ ಸಲ ಡಬ್ಬಿಗೆ ಹಾಕಿಸಿಕೊಂಡು ಹೋಗುವವರು. ಅಷ್ಟು ದಿನ ಅಮಲೇರದ ತಮಗೆ ಆ ಮಧ್ಯಾಹ್ನ ಇದ್ದಕ್ಕಿದ್ದಂತೆ ಏರಿದ್ದು ಹೇಗೆ?

ನಾನೇ ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ನಮ್ಮ ರಾಗಿ ಬಿಯರಿಗೆ ಸ್ಯಾನ್ ಡಿಯಾಗೋದ ಒಂದು ಹವ್ಯಾಸಿಗಳ ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಬಂತು. ರಜತ್ ಪಾತ್ರೆಯ ಪಕ್ಕ ಬಾಟಲಿ, ರಿಬ್ಬನ್ ಹಿಡಿದು ನಿಂತ ಫೋಟೋ ಹಾಕಿದ. ಅದಕ್ಕೆ ಮೊದಲ ಹೃದಯದ ಚಿಹ್ನೆ ಒತ್ತಿದವರು ತಾವು. ಅಷ್ಟೇ ಅಲ್ಲ, ಹೋದ ವರ್ಷ ತಮ್ಮ ಮಗನ ಗ್ರಾಜುಯೇಷನ್ ಪಾರ್ಟಿಗೆ ಅದೇ ಬಿಯರಿನ ಎರಡು ಕ್ರೇಟು ತರಿಸಿಕೊಂಡು, “ಆರ್ಗ್ಯಾನಿಕ್ ಅಲ್ವಾ, ತಲೆನೋವೇ ಬರಲ್ಲ ಕಣ್ರೀ” ಎಂದು ಬೀಗರಿಗೆ ಕುಡಿಸಿದವರೂ ತಾವೇ. ಅಕ್ಟೋಬರಿನ ಕೊನೆಯಲ್ಲಿ ವೀರಣ್ಣ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಕೊಟ್ಟ. ಮೂರನೆಯ ಅವಧಿಗೆ ಅವಿರೋಧವಾಗಿ ಆರಿಸಿ ಬರುವ ತಯಾರಿಯಲ್ಲಿದ್ದ ತಮಗೆ ಹದಿನೈದೇ ದಿನದಲ್ಲಿ ಮಡಿ ನೆನಪಾಯಿತು. ಚುನಾವಣೆ ಹತ್ತಿರ ಬಂದಾಗ ಮಾತ್ರ ಜಾಗೃತವಾಗುವ ಸಂಸ್ಕೃತಿಯನ್ನು ಊರಿನಲ್ಲೇ ಬಿಟ್ಟು ಬಂದೆವೆಂದು ನಾವು ತಿಳಿದಿದ್ದೆವು. ತಾವು ಅದನ್ನೂ ಸೂಟ್‌ಕೇಸಿನಲ್ಲಿ ತಂದಿದ್ದೀರಿ.

ಆ ಮಧ್ಯಾಹ್ನ ನಡೆದದ್ದನ್ನು ಬರದಿದ್ದವರಿಗಾಗಿ ಬರೆಯುತ್ತೇನೆ. ನಾಡಗೀತೆ ಮುಗಿದಿತ್ತು. ಗುರುಶಾಂತವ್ವ ಮೊದಲ ಸಾಲಿನಲ್ಲಿ, ಮಗನ ಅಡುಗೆಯನ್ನು ಜನ ಉಣ್ಣುವುದನ್ನು ನೋಡಲೆಂದೇ ಇಳಕಲ್ ಸೀರೆ ಉಟ್ಟು ಕೂತಿದ್ದರು. ತಾವು ವೀರಣ್ಣನನ್ನು ವೇದಿಕೆಗೆ ಕರೆದಿರಿ. ಸನ್ಮಾನವಿರಬೇಕೆಂದು ಅವನು ಕೈ ಒರೆಸಿಕೊಳ್ಳುತ್ತಾ ಬಂದ.

“ವೀರಣ್ಣ, ಯೆಸ್ ಆರ್ ನೋ ಹೇಳಿ. ಇವತ್ತು ಅಡುಗೆ ಮಾಡಿರೋ ಪಾತ್ರೇಲಿ ನೀವು ಬಿಯರ್ ಮಾಡ್ತೀರೋ ಇಲ್ವೋ?”

“ಮಾಡ್ತೀವ್ರಿ. ಆದ್ರ ಅದರಾಗ ಬರೇ ಕಾಳಿನ ನೀರು...”

“ಥ್ಯಾಂಕ್ ಯೂ. ಅಷ್ಟು ಸಾಕು.” ಮೈಕನ್ನು ತಾವು ಹಿಂದಕ್ಕೆ ಎಳೆದುಕೊಂಡಿರಿ. ಆಮೇಲೆ ಫೋನು ತೆಗೆದು, ಕನ್ನಡಕ ಹಣೆಗೇರಿಸಿ, ರಜತನ ಫೋಟೋವನ್ನು ಸಭೆಗೆ ತೋರಿಸಿದಿರಿ. “ಈ ರಾಗಿ ಬಿಯರ್ ಬಾಟ್ಲಿ ಮೇಲೆ ಲೇಬಲ್ ಏನಂತ ಇದೆ ಗೊತ್ತಾ? ‘ಅವ್ವ’ ಅಂತೆ! ಇದೇನಾ ನಮ್ಮ ಕಲ್ಚರ್?”

ಜನ ನಕ್ಕರು. ತಾವೂ ನಕ್ಕಿರಿ. ಗುರುಶಾಂತವ್ವ ಪಕ್ಕದಲ್ಲಿದ್ದ ಸೊಸೆಯ ಕಡೆ ತಿರುಗಿ, “ಏನಂತಾನ ಅಂವಾ? ಯಾರ ಅವ್ವ?” ಎಂದು ಕೇಳಿದ್ದು ಹಿಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು. ಆಮೇಲೆ ನಾಲ್ಕು ಜನ ಸ್ವಯಂಸೇವಕರು ಹಬೆಯಾಡುವ ಪಾತ್ರೆಯನ್ನು ಎತ್ತಿಕೊಂಡು ಹೋದರು. ಸುರಿದ ಸದ್ದು ಸಭಾಂಗಣದೊಳಗೂ ಕೇಳಿತು. ಹಸಿದ ಇನ್ನೂರು ಜನರಿಗೆ ತಾವು ಪಿಜ್ಜಾ ತರಿಸಿದಿರಿ. ಆ ಅಂಗಡಿಯ ಗಲ್ಲೆಯ ಹಿಂದೆ ಹನ್ನೆರಡು ಬಿಯರ್ ನಲ್ಲಿಗಳಿವೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಒಲೆಗೆ ಮೈಲಿಗೆ ತಾಕಲಿಲ್ಲವೆಂದು ಕಾಣುತ್ತದೆ. ವೀರಣ್ಣನ ನಾಮಪತ್ರ ಮಾರನೆಯ ದಿನವೇ ‘ನೈತಿಕ ಕಾರಣ’ಗಳಿಂದ ತಿರಸ್ಕೃತವಾಯಿತು. ಅಭಿನಂದನೆಗಳು.

ಇಲ್ಲಿಗೆ ಪತ್ರ ಮುಗಿಸಿದರೆ ತಾವು ಕೆಟ್ಟವರು, ನಾವು ಒಳ್ಳೆಯವರು. ಹಾಗೆ ಮುಗಿಸಲು ಎರಡು ವಾರ ಪ್ರಯತ್ನಪಟ್ಟೆ, ಆಗಲಿಲ್ಲ. ಗುರುಶಾಂತವ್ವ ಊಟ ಬಿಟ್ಟದ್ದು ತಮ್ಮ ಕಾರಣಕ್ಕೆ ಮಾತ್ರ ಎಂದು ನಂಬಿದ್ದವನು, ಇಪ್ಪತ್ತನೆಯ ದಿನ ಸೆರಿಟೋಸಿಗೆ ಹೋದೆ. ಪಾತ್ರೆಯಲ್ಲಿ ಹೆಂಡ ಇರಲಿಲ್ಲವೆಂದು ವಿಜ್ಞಾನಿಯ ಬಾಯಿಂದ ಹೇಳಿದರೆ ಸಾಕು, ಎದ್ದು ಬಂದು ಊಟಕ್ಕೆ ಕೂರುತ್ತಾರೆಂದುಕೊಂಡಿದ್ದೆ. ಎಂಥ ದಡ್ಡ ನಾನು.

ಅದರ ಹಿಂದಿನ ಕಥೆ ಇದು: ನಮ್ಮ ಬಿಯರಿಗೆ ಮೊಳಕೆ ರಾಗಿ ಬೇಕಿತ್ತು. ಬಿಯರ್ ಸಾಮಾನಿನ ಅಂಗಡಿಯಲ್ಲಿ ಸಿಗುವುದು ಬಾರ್ಲಿ. ರಾಗಿಯನ್ನು ಹದವಾಗಿ ಮೊಳೆಸಿ, ಒಣಗಿಸಿ, ಬೇರು ಉದುರಿಸಿ ಕೊಡುವ ಕೈ ನಮಗೆ ಗೊತ್ತಿದ್ದದ್ದು ಒಂದೇ. 2021ರ ಬೇಸಿಗೆಯಲ್ಲಿ ನಾನೇ ಅವರ ಮುಂದೆ ಕೂತು, “ಅಮ್ಮ, ಮಕ್ಕಳಿಗೆ ರಾಗಿ ಮಾಲ್ಟ್ ಮಾಡ್ಲಿಕ್ಕೆ ಬೇಕಿತ್ತು, ನೀವು ಸ್ವಲ್ಪ ಮಾಡಿ ಕೊಡ್ತೀರಾ?” ಎಂದು ಕೇಳಿದೆ. “ಹುಡುಗರಿಗೆ ಅಂದ್ರ ಬ್ಯಾಡ ಅಂತೀನೇನು?” ಎಂದರು. ತೀರಿಹೋದ ಗಂಡನ ಬಿಳಿ ಧೋತರವನ್ನು ಪೆಟ್ಟಿಗೆಯಿಂದ ತೆಗೆದು ಎರಡು ಸೀಳು ಮಾಡಿದರು. ಹೊಸ ಬಟ್ಟೆಯಲ್ಲಿ ಮೊಳಕೆ ಸರಿ ಬರುವುದಿಲ್ಲವಂತೆ. ಎರಡು ವರ್ಷಕ್ಕೂ ಮೀರಿ, ತಿಂಗಳಿಗೊಮ್ಮೆ, ಆ ಒದ್ದೆ ಧೋತರದಲ್ಲಿ ರಾಗಿ ಕಟ್ಟಿ, ಹಿತ್ತಲ ಬಿಸಿಲಿನಲ್ಲಿ ಹರವಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಡಬ್ಬಿ ತುಂಬಿ ಕೊಟ್ಟರು. ಪ್ರತಿ ಸಲ ಕೇಳುತ್ತಿದ್ದರು, “ಹುಡುಗ್ರು ಕುಡದ್ರೇನಪಾ?” ನಾವು “ಒಂದು ಹನಿ ಬಿಡದೆ ಕುಡಿದ್ರು ಅಮ್ಮ” ಎನ್ನುತ್ತಿದ್ದೆವು. ಗ್ಯಾರೇಜಿಗೆ ಬಂದು ಅದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು. ಬಾಟಲಿಗೆ ‘ಅವ್ವ’ ಎಂದು ಹೆಸರಿಟ್ಟದ್ದು ಪ್ರೀತಿಯಿಂದಲೇ, ಆದರೆ ಅವರಿಗೆ ಹೇಳುವಷ್ಟು ಪ್ರೀತಿ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಆ ಇಪ್ಪತ್ತನೆಯ ದಿನ ನನ್ನ ವಿಜ್ಞಾನವನ್ನೆಲ್ಲ ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದ್ದು ಇದು:

“ಕುಡದದ್ದಕ್ಕ ಅಲ್ಲೋ ತಮ್ಮಾ. ಗಂಡಸರು ಕುಡೀತಾರ, ನಾ ಕಂಡಿಲ್ಲೇನು? ಪಾತ್ರೆ ತೊಳದ್ರ ಹೋಗ್ತೈತಿ. ನೀವು ನನ್ನ ಕೈಲೆ ಮಾಡಿಸಿದ್ರಿ. ಅವರ ಧೋತರದಾಗ ಮಾಡಿಸಿದ್ರಿ. ಹುಡುಗ್ರು ಕುಡದ್ರು ಅಂತ ನನ್ನ ಮುಂದ ಸುಳ್ಳು ಹೇಳಿ ನಕ್ರಿ. ಇನ್ನ ಈ ಮನ್ಯಾಗ ಯಾವ ಡಬ್ಬ್ಯಾಗ ಏನೈತಿ ಅಂತ ನಾ ಹೆಂಗ ನಂಬಿ ಉಣ್ಲಿ?”

ನಾನು ಹೊರಟು ನಿಂತಾಗ ಅವರು ಬಿಡಲಿಲ್ಲ. ಕೋಣೆಯ ಮೂಲೆಯ ಆ ಒಲೆಯ ಮೇಲೆ ಎರಡು ರೊಟ್ಟಿ ಬಡಿದು, ತಟ್ಟೆಗೆ ಹಾಕಿ ನನ್ನ ಮುಂದಿಟ್ಟರು. ಬಂದವರನ್ನು ಉಪವಾಸ ಕಳಿಸುವ ಅಭ್ಯಾಸ ಅವರಿಗಿಲ್ಲ. ವೀರಣ್ಣ ಬಾಗಿಲಲ್ಲಿ ನಿಂತಿದ್ದ. ಅವನಿಗೆ ತಟ್ಟೆ ಇಡಲಿಲ್ಲ, ಅವನ ಕಡೆ ನೋಡಲೂ ಇಲ್ಲ. “ನೀ ಉಣ್ಣೋ, ಆರತೈತಿ” ಎಂದು ವೀರಣ್ಣನೇ ನನಗೆ ಹೇಳಿದ. ನಾನು ಉಂಡೆ. ಎರಡೂ ರೊಟ್ಟಿ ಉಂಡೆ.

ಅವ್ವನಿಗೆ ಆ ನಿಜವನ್ನು ಮನೆಯಲ್ಲಿ ಕೂತು, ಕಾಲು ಹಿಡಿದು ಹೇಳುವ ಕೆಲಸ ಮಗನದಾಗಿತ್ತು, ನಮ್ಮದಾಗಿತ್ತು. ನಾವು ಹೇಳಿದ್ದರೆ ಎರಡು ದಿನ ಬಯ್ದು ಮೂರನೆಯ ದಿನ ಊಟಕ್ಕೆ ಕರೆಯುತ್ತಿದ್ದರೋ ಏನೋ. ತಾವು ಅದನ್ನು ಇನ್ನೂರು ಜನರ ನಗೆಯ ನಡುವೆ, ಒಂದು ಕುರ್ಚಿಯ ಆಸೆಗೆ ಹೇಳಿದಿರಿ.

ಇನ್ನೊಂದು ಉಳಿಯಿತು. ಪಾತ್ರೆ ಹೊರಗೆ ಹೋಗುವಾಗ ತಾವು ಮೈಕಿನಲ್ಲಿ, “ಈ ಗ್ಯಾಂಗಿನಲ್ಲಿ ಇನ್ಯಾರ್ಯಾರು ಇದೀರ, ಎದ್ದು ನಿಲ್ಲಿ ನೋಡೋಣ” ಎಂದಿರಿ. ವೀರಣ್ಣ ವೇದಿಕೆಯಿಂದ ಒಮ್ಮೆ ನನ್ನ ಕಡೆ ನೋಡಿದ. ರಜತ್ ಬಂದಿರಲಿಲ್ಲ, ನಾನು ಬಂದಿದ್ದೆ. ಹೆಂಡ ಹೇಗಾಗುತ್ತದೆ, ಎಲ್ಲಿ ಆಗುತ್ತದೆ ಎಂದು ಅರ್ಧ ನಿಮಿಷದಲ್ಲಿ ಹೇಳಬಲ್ಲವನು ಆ ಸಭಾಂಗಣದಲ್ಲಿ ಒಬ್ಬನೇ ಇದ್ದ. ಅವನು ಕೈಯಲ್ಲಿದ್ದ ಕಾರ್ಯಕ್ರಮಪಟ್ಟಿಯನ್ನು ಓದುತ್ತಾ ಕೂತ. ಪಟ್ಟಿಯಲ್ಲಿ ಊಟದ ನಂತರ ‘ಹೆಮ್ಮೆಯ ಕನ್ನಡಿಗ ವಿಜ್ಞಾನಿಗೆ ಸನ್ಮಾನ’ ಎಂದಿತ್ತು. ಹೆಸರು ಕರೆದಾಗ ನಾನು ಹತ್ತಿ ಬಂದೆ. ತಮ್ಮ ಮುಂದೆ ತಲೆ ಬಾಗಿಸಿದೆ. ಫೋಟೋದಲ್ಲಿ ನನ್ನ ಹಲ್ಲು ಕಾಣುತ್ತಿವೆ.

ಈಗ ನನ್ನ ಬೇಡಿಕೆ. ಕ್ಷಮಾಪಣೆಯ ಪ್ರಕಟಣೆ ಬೇಡ, ಅದನ್ನು ಯಾರು ಬರೆದುಕೊಡುತ್ತಾರೆಂದು ನನಗೆ ಗೊತ್ತು. ಬರುವ ಭಾನುವಾರ ಮಧ್ಯಾಹ್ನ ಸೆರಿಟೋಸಿಗೆ ಬನ್ನಿ. ಮೈಕು ತರಬೇಡಿ, ಫೋಟೋ ತೆಗೆಯುವವರನ್ನು ತರಬೇಡಿ. ನಾನೂ ಬರುತ್ತೇನೆ. ಎಲ್ಲ ಗೊತ್ತಿದ್ದೂ ಎರಡು ತಿಂಗಳು ಸುಮ್ಮನಿದ್ದು, ಕುರ್ಚಿಗಾಗಿ ಬಾಯಿ ಬಿಟ್ಟೆ ಎಂದು ತಾವು ಆ ತಾಯಿಗೆ ಹೇಳಿ. ಸುಳ್ಳನ್ನು ಮೊದಲು ಹೇಳಿದವನು ನಾನು, ಅವರ ಮಗ ಅಲ್ಲ ಎಂದು ನಾನು ಹೇಳುತ್ತೇನೆ. ಅವರು ನಂಬುತ್ತಾರೆಂಬ ಭರವಸೆ ನನಗಿಲ್ಲ. ಆದರೂ ಬನ್ನಿ. ಹೊರಡುವಾಗ ಅವರು ಖಂಡಿತ ತಮ್ಮ ಮುಂದೆಯೂ ತಟ್ಟೆ ಇಡುತ್ತಾರೆ. ನಾನು ಉಂಡ ಹಾಗೆ ತಾವು ಉಣ್ಣಬೇಡಿ. ವೀರಣ್ಣನಿಗೆ ಬಡಿಸುವವರೆಗೆ ಕೈ ಕಟ್ಟಿ ಕೂತಿರಿ.

ಇಂತಿ,
ಅದೇ ಮಧ್ಯಾಹ್ನ ತಮ್ಮ ಕೈಯಿಂದ ಪೇಟ ತೊಡಿಸಿಕೊಂಡ
ನಿತ್ಯಾನಂದ
ಕಾರ್ಲ್ಸ್‌ಬಾಡ್, ಡಿಸೆಂಬರ್ 2023